ಜಪಾನಕ್ಕನ ಬಿಸಿನೀರ ಮನೆ

ಜಪಾನಿನ ಬಿಸಿನೀರಿನ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿದ್ದೇನೆ ಎಂದು ಹೇಳಿದರೆ ಜನ ಮೊದಲು ಕೇಳುವುದು ಫೋಟೋ. ಹಿಮ ಬೀಳುತ್ತಿರಬೇಕು, ಮರದ ಸೇತುವೆ ಇರಬೇಕು, ನಾನು ನಿಲುವಂಗಿ ತೊಟ್ಟು ನಗುತ್ತಿರಬೇಕು. ಫೋಟೋ ಇಲ್ಲ. ಹಿಮವೂ ಇರಲಿಲ್ಲ. ಆ ವಸತಿಗೃಹ ಇದ್ದದ್ದು ಅಬುಧಾಬಿಗೆ ಸೇರಿದ ಅಲ್ ಐನ್‌ನಲ್ಲಿ, ಹುಲ್ಲುಕಡ್ಡಿಯಿಲ್ಲದ ಒಂದು ಬೋಳು ಬೆಟ್ಟದ ಬುಡದಲ್ಲಿ, ಅದೂ ಒಂದೇ ರಾತ್ರಿಯ ಮಟ್ಟಿಗೆ. ಅದರ ಯಜಮಾನಿ ನಮ್ಮ ಆಫೀಸಿನಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹೆಂಗಸು. ಅತಿಥಿಗಳು ನಾನು ಮತ್ತು ಅಮ್ಮ. ಆದರೂ ಅದು ಅಪ್ಪಟ ಜಪಾನಿನದೇ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಒಪ್ಪದವರ ಜೊತೆ ಜಗಳಕ್ಕೂ ನಿಲ್ಲುತ್ತೇನೆ.

ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳು ಅವು. ನಾನೂ ನನ್ನ ಗಂಡನೂ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಬಾಡಿಗೆಗಿದ್ದೆವು. ಅಲ್ಲಿಯ ಕಟ್ಟಡಗಳನ್ನು ಗುಂಪು ಗುಂಪಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಸೀಮೆಯ ವೇಷ ತೊಡಿಸಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಜಪಾನಿನ ‘ಝೆನ್’. ಗೋಡೆಯ ಬಣ್ಣ ಬಿಟ್ಟರೆ ಝೆನ್ ಅನ್ನಬಹುದಾದದ್ದು ಅಲ್ಲಿ ಏನೂ ಇರಲಿಲ್ಲ. ಪಾರ್ಕಿಂಗಿಗೆ ಬೆಳಿಗ್ಗೆ ಸಂಜೆ ಕಿತ್ತಾಟ, ಕಾರಿಡಾರಿನಲ್ಲಿ ಬಂಗುಡೆ ಹುರಿಯುವ ವಾಸನೆ. ಆ ವಾಸನೆಯಲ್ಲಿ ನಮ್ಮ ಮನೆಯ ಪಾಲು ದೊಡ್ಡದೇ ಇತ್ತು. ಆ ಝೆನ್ ಕಟ್ಟಡಗಳಲ್ಲಿ ನಾನು ಕಂಡ ಒಬ್ಬರೇ ಒಬ್ಬ ಜಪಾನಿನವರೆಂದರೆ ನಮ್ಮ ಮೇಲಿನ ಮಹಡಿಯ ಈ ಹೆಂಗಸು.

ಅರವತ್ತಕ್ಕೆ ಹತ್ತಿರವಾಗಿದ್ದರು. ಮದುವೆಯಾಗಿರಲಿಲ್ಲ. ಕೂದಲು ಕಿವಿಯ ಮೇಲಕ್ಕೇ ಕತ್ತರಿಸಿ, ವರ್ಷವಿಡೀ ಬೂದುಬಣ್ಣದ ಪ್ಯಾಂಟು ತೊಡುತ್ತಿದ್ದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಡಮ್ ಎನ್ನುತ್ತಿದ್ದರೆ ನಾನು ಮನಸ್ಸಿನಲ್ಲೇ ಜಪಾನಕ್ಕ ಎಂದು ಕರೆಯುತ್ತಿದ್ದೆ. ಜೆಬೆಲ್ ಅಲಿಯಲ್ಲಿದ್ದ ಆಫೀಸಿಗೆ ನಾನು ಹೋಗುತ್ತಿದ್ದುದು ಅವರ ಕಾರಿನಲ್ಲೇ. ಅವರು ಹೇಳಿದ ಹೊತ್ತೆಂದರೆ ಹೊತ್ತು. ಒಮ್ಮೆ ನಾನು ಲಿಫ್ಟಿನಿಂದ ಹೊರಗೆ ಕಾಲಿಡುತ್ತಿದ್ದಂತೆ ಕಾರು ಗೇಟು ದಾಟುತ್ತಿರುವುದು ಕಂಡಿತು. ಕನ್ನಡಿಯಲ್ಲಿ ನನ್ನನ್ನು ನೋಡಿದ್ದರಂತೆ. ನೋಡಿಯೂ ನಿಲ್ಲಿಸಲಿಲ್ಲವಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತ್ತು. ಮರುದಿನ ಐದು ನಿಮಿಷ ಮೊದಲೇ ಹೋಗಿ ಮುಖ ಊದಿಸಿಕೊಂಡು ಕೂತೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಕಾರಿನಲ್ಲಿ ಅವರು ಮಾತಾಡುತ್ತಿದ್ದದ್ದು ತಮ್ಮ ತಾಯಿಯ ವಸತಿಗೃಹದ ಬಗ್ಗೆ. ಬೆಟ್ಟದ ಮೇಲಿನ ಒಂದು ಊರು, ಅಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ. ಚಿತ್ರಗಳಲ್ಲಿ ಕಾಣುವ ದುಬಾರಿ ಜಾಗ ಅಲ್ಲವಂತೆ ಅದು. ಕೊಯ್ಲು ಮುಗಿಸಿದ ರೈತರು, ಸೊಂಟ ಹಿಡಿದವರು, ಕಾಯಿಲೆಯಿಂದ ಎದ್ದವರು ತಮ್ಮ ತಮ್ಮ ಅಕ್ಕಿಗಂಟು ಹೊತ್ತುಕೊಂಡು ಬರುತ್ತಿದ್ದರಂತೆ. ಬೇಯಿಸಿ ಉಣ್ಣುವುದು, ನೀರಿಗಿಳಿಯುವುದು, ಮಲಗುವುದು, ಮತ್ತೆ ನೀರಿಗಿಳಿಯುವುದು. ಬೇರೆ ಕೆಲಸವಿಲ್ಲ. ಮೈ ವಾಸಿಯಾಯಿತು ಅನ್ನಿಸಿದ ದಿನ ಗಂಟು ಕಟ್ಟಿಕೊಂಡು ಹೊರಡುವುದು. ತಾಯಿ ತೀರಿಕೊಂಡ ಮೇಲೆ ಅದನ್ನು ಮುಚ್ಚಿದರು ಎಂದು ಹೇಳುವಾಗಲೂ ಅವರ ದನಿ ಏರುಪೇರಾಗುತ್ತಿರಲಿಲ್ಲ.

ನಮ್ಮ ಕಡೆಯ ಬಚ್ಚಲು, ತಾಮ್ರದ ಹಂಡೆ, ತೆಂಗಿನ ಸಿಪ್ಪೆಯ ಒಲೆಯ ಬಗ್ಗೆ ನಾನೂ ಬಡಾಯಿ ಕೊಚ್ಚುತ್ತಿದ್ದೆ. ಅವರು ಗಂಭೀರವಾಗಿ ಕೇಳಿ, “ಅಂದರೆ ನೀವು ಹೊಯ್ದುಕೊಳ್ಳುವವರು. ನಾವು ಮುಳುಗುವವರು,” ಎಂದು ತೀರ್ಮಾನ ಕೊಟ್ಟರು.

ಆ ವರ್ಷದ ಆಗಸ್ಟ್‌ನಲ್ಲಿ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಎಂಟು ತಿಂಗಳು ತುಂಬುವುದರಲ್ಲಿತ್ತು. ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹೀಗಾಗುತ್ತದೆ ಎಂದರು ಡಾಕ್ಟರು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಉಳಿದವರಿಗೆ ತಿಳಿಯದ್ದು ಏನೆಂದರೆ, ಅಂಥ ಮಗುವನ್ನೂ ಹೆರಬೇಕು. ನೋವು ಅದೇ, ಬೆವರು ಅದೇ, ನರ್ಸು “ಪುಶ್, ಪುಶ್” ಎಂದು ಕೂಗುವುದೂ ಅದೇ. ಹೆಣ್ಣುಮಗು. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು, ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ. ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನಿಂದ ನೋಡಲಾಗಲಿಲ್ಲ. ಆಮೇಲಿನದನ್ನೆಲ್ಲ ಅವನೊಬ್ಬನೇ ಹೋಗಿ ಮುಗಿಸಿ ಬಂದ, ಹಾಗಾಗಿ ಅವನನ್ನು ನಾನು ದೂರುವುದಿಲ್ಲ. ಆದರೆ ಅವಳ ಮುಖ ನೋಡಿದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ.

ಅಮ್ಮ ಬಾಣಂತನಕ್ಕೆ ಬರುವುದೆಂದು ಮೊದಲೇ ಮಾತಾಗಿತ್ತು. ಗಲ್ಫಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಅದು ಇದ್ದದ್ದೇ. ಹೆರಿಗೆಗೆ ಮುಂಚೆ ವಿಸಿಟ್ ವೀಸಾದಲ್ಲಿ ಅಮ್ಮಂದಿರು ಬಂದಿಳಿಯುತ್ತಾರೆ, ಪೆಟ್ಟಿಗೆ ತುಂಬ ಮದ್ದು, ಲೇಹ್ಯ, ಹಳೆಯ ಮೆತ್ತನೆಯ ಸೀರೆಗಳು. ಅಮ್ಮನ ವೀಸಾವೂ ತಯಾರಿತ್ತು. ಸುದ್ದಿ ಹೋದ ದಿನ ಫೋನು ತೆಗೆದುಕೊಂಡವಳು ದೊಡ್ಡಮ್ಮ. ಅವಳ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ಇನ್ನು ಅವಳು ಬಂದು ಎಂತ ಮಾಡುದು? ಮಗು ಇಲ್ಲದ ಮೇಲೆ ಬಾಣಂತನ ಯಾರಿಗೆ?” ಆಮೇಲೆ ಅಮ್ಮ ಫೋನಿಗೆ ಬಂದು, “ಜಾಗ್ರತೆ ಮಗಾ,” ಎಂದಳು. ಫೋನು ಇಟ್ಟಳು. ವೀಸಾ ಹಾಗೇ ಮುಗಿದುಹೋಯಿತು.

ನಮ್ಮ ಕಡೆ ಹೆತ್ತವಳಿಗೆ ನೀರು ಹೊಯ್ಯುವುದೆಂದರೆ ಬರೀ ಸ್ನಾನವಲ್ಲ. ಅರಶಿನ ಹಾಕಿ ಕಾಯಿಸಿದ ಎಣ್ಣೆಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆಯಾದ ನೀರನ್ನು ಬೆನ್ನಿಗೆ, ಸೊಂಟಕ್ಕೆ, ಹೊಟ್ಟೆಗೆ ಬೀಸಿ ಹೊಯ್ಯುತ್ತಾರೆ. ಹೊಯ್ಯುವ ಹೆಂಗಸಿಗೆ ಕರುಣೆ ಇರುವುದಿಲ್ಲ. ಕೂಗಿದರೆ ಇನ್ನೊಂದು ಚೊಂಬು. ಆಮೇಲೆ ತಲೆಗೆ ಬಟ್ಟೆ ಬಿಗಿದು, ಕಂಬಳಿ ಹೊದಿಸಿ ಮಲಗಿಸುತ್ತಾರೆ. ಸಡಿಲವಾದ ಮೈ ಹಾಗೆ ಗಟ್ಟಿಯಾಗುತ್ತದೆ ಎಂದು ನಂಬಿಕೆ. ನನ್ನ ಅತ್ತಿಗೆ, ಅಕ್ಕ, ಗೆಳತಿಯರು ಎಲ್ಲರೂ ಈ ನೀರನ್ನು ಬೈದುಕೊಂಡವರೇ. ಚರ್ಮ ಸುಲಿದು ಹೋಯಿತು ಎಂದು ನಗುತ್ತಾ ಹೇಳುವವರೇ.

ಆಗಸ್ಟ್‌ನಲ್ಲಿ ದುಬೈಯ ನಲ್ಲಿಗಳಲ್ಲಿ ತಣ್ಣೀರು ಎಂಬುದಿಲ್ಲ. ಮೇಲಿನ ಟ್ಯಾಂಕು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೂ ಸುಡುನೀರೇ ಬರುತ್ತದೆ. ಮನೆ ತುಂಬ ಬಿಸಿನೀರಿತ್ತು, ಹೊಯ್ಯುವವರಿರಲಿಲ್ಲ. ಮೂರನೆಯ ದಿನ ನನ್ನ ಎದೆಯಲ್ಲಿ ಹಾಲು ಬಂತು. ಮೈಗೆ ಯಾರೂ ಸುದ್ದಿ ಹೇಳಿರಲಿಲ್ಲವಲ್ಲ. ಶವರಿನ ಕೆಳಗೆ ನಿಂತು, ಹಾಲು ನೀರಿನ ಜೊತೆ ಹರಿದುಹೋಗುವುದನ್ನು ನೋಡುತ್ತ ಅತ್ತೆ. ಅವತ್ತು ಅಮ್ಮನ ಮೇಲೆ ನನಗೆ ಬಂದ ಸಿಟ್ಟನ್ನು ಬರೆದು ತೋರಿಸಲಾರೆ.

ನೋಡಲು ಬಂದ ಊರವರಿಗೆ ಕೊರತೆಯಿರಲಿಲ್ಲ. ಇಂಟರ್‌ನ್ಯಾಷನಲ್ ಸಿಟಿಯಿಂದ ಬಂದರು, ಅಬುಧಾಬಿಯ ಖಾಲಿದಿಯಾದಿಂದಲೂ ಬಂದರು, ಹಣ್ಣು ತಂದರು. “ಪ್ರಾಯ ಉಂಟು, ಇನ್ನೊಂದು ಆಗ್ತದೆ ಬಿಡು,” ಎಂದರು. ಒಬ್ಬಾಕೆ ಹೊರಡುವಾಗ ಲಿಫ್ಟಿನ ಬಳಿ ಇನ್ನೊಬ್ಬಾಕೆಗೆ, “ಅಬಾರ್ಷನ್ ಆದದ್ದಂತೆ,” ಎಂದದ್ದು ಬಾಗಿಲು ಮುಚ್ಚುತ್ತಿದ್ದ ನನಗೆ ಕೇಳಿಸಿತು. ಓಡಿಹೋಗಿ ಅವಳ ಸೆರಗು ಹಿಡಿದು ನಿಲ್ಲಿಸಿ, ಇಲ್ಲ, ನಾನು ಹೆತ್ತದ್ದು ಎಂದು ಹೇಳಬೇಕು ಅನ್ನಿಸಿತು. ಬಾಗಿಲ ಚಿಲಕ ಹಾಕಿದೆ. ನಾನು ಹೆತ್ತವಳು ಎಂದು ಯಾರಾದರೂ ಒಬ್ಬರು ಒಪ್ಪಿಕೊಂಡರೆ ಸಾಕಿತ್ತು ನನಗೆ. ಯಾರಾದರೂ ಅಂದೆ. ನಿಜ ಹೇಳಬೇಕೆಂದರೆ, ಅಮ್ಮ.

ಆಫೀಸಿಗೆ ಮತ್ತೆ ಹೊರಟ ಮೊದಲ ಬೆಳಿಗ್ಗೆ ಜಪಾನಕ್ಕ ಏನೂ ಕೇಳಲಿಲ್ಲ. ನನ್ನ ಸೀಟಿನ ಮೇಲೆ ಮಡಿಸಿದ ದಪ್ಪ ಟವೆಲು ಹಾಸಿದ್ದರು, ನನ್ನ ಕಡೆಯ ಏಸಿಯ ಕಿಂಡಿ ಮುಚ್ಚಿದ್ದರು. ಅವತ್ತು ನಾನು ತಡವಾಗಿ ಇಳಿದಿದ್ದೆ. ಕಾರು ನಿಂತೇ ಇತ್ತು.

ಅಮ್ಮ ಬಂದದ್ದು ಡಿಸೆಂಬರಿನಲ್ಲಿ. “ಸುಮ್ಮನೆ ನಿನ್ನನ್ನು ನೋಡಿ ಹೋಗುವ ಅಂತ,” ಎಂದಳು, ಏರ್‌ಪೋರ್ಟಿನಲ್ಲೇ, ನಾನು ಕೇಳುವ ಮೊದಲೇ. ನಮ್ಮ ಮನೆಮಾತು ತುಳು. ಅಮ್ಮನ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಂದ ದಿನದಿಂದ ಅವಳು ಅಡುಗೆಮನೆ ಹಿಡಿದಳು. ನೀರುದೋಸೆ, ಪತ್ರೊಡೆ, ಕೋರಿರೊಟ್ಟಿ, ನಾವಿಬ್ಬರು ಉಂಡು ಮುಗಿಸಲಾಗದಷ್ಟು. ಊರಿನ ಎಲ್ಲರ ವಿಷಯ ಹೇಳಿದಳು. ಯಾರ ಬಾವಿ ಬತ್ತಿತು, ಯಾರ ಮಗ ಬೈಕಿನಿಂದ ಬಿದ್ದ, ಎಲ್ಲ. ಆ ಒಂದು ವಿಷಯಕ್ಕೆ ಬಂದರೆ ಮಾತ್ರ ಅವಳೂ ಸುತ್ತು ಹಾಕಿ ಹೋಗುತ್ತಿದ್ದಳು, ನಾನೂ. ಕೊತ್ತಂಬರಿ ಸೊಪ್ಪು ಜಾಸ್ತಿ ತಂದದ್ದಕ್ಕೆ, ಟಿವಿ ಜೋರಾಗಿಟ್ಟದ್ದಕ್ಕೆ ನಾನು ಅವಳ ಮೇಲೆ ಹರಿಹಾಯುತ್ತಿದ್ದೆ. ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅದು ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು.

ಅಮ್ಮ ಬಂದ ಸುದ್ದಿ ಕೇಳಿದ ಜಪಾನಕ್ಕ ಒಂದು ಬೆಳಿಗ್ಗೆ ಸಿಗ್ನಲಿನಲ್ಲಿ ಕಾಯುತ್ತಾ, “ನಿನ್ನ ತಾಯಿಗೆ ಬಿಸಿನೀರು ಇಷ್ಟವೇ?” ಎಂದರು. ಬಿಸಿನೀರು ಇಷ್ಟವಿಲ್ಲದ ಉಡುಪಿ ಕಡೆಯ ಹೆಂಗಸನ್ನು ನಾನು ಕಂಡಿಲ್ಲ ಎಂದೆ. ಅಲ್ ಐನ್‌ನ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಯಿದೆ, ಪಕ್ಕದಲ್ಲೇ ಬಾಡಿಗೆಗೆ ಪುಟ್ಟ ಮನೆಗಳಿವೆ, ಚಳಿಗಾಲದಲ್ಲಿ ತಾನು ಒಬ್ಬಳೇ ಹೋಗಿ ಬರುತ್ತೇನೆ ಎಂದರು. ಸಿಗ್ನಲು ಹಸಿರಾಯಿತು. “ಈ ಶುಕ್ರವಾರ ನನ್ನ ತಾಯಿಯ ವಸತಿಗೃಹ ತೆರೆಯುತ್ತೇನೆ. ನೀವಿಬ್ಬರು ಅತಿಥಿಗಳು. ಎರಡು ಗಂಟೆಗೆ ಹೊರಡಬೇಕು.” ನನ್ನ ಗಂಡನಿಗೆ ಅವತ್ತು ಡ್ಯೂಟಿಯಿತ್ತು. ಇಲ್ಲದಿದ್ದರೂ ಅವನನ್ನು ಕರೆಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ದಾರಿಯುದ್ದಕ್ಕೂ ಅಮ್ಮ ರಸ್ತೆಯನ್ನು ಹೊಗಳಿದಳು. “ಒಂದು ಗುಂಡಿ ಉಂಟಾ ನೋಡು!” ಜಪಾನಕ್ಕ ನಿಧಾನ ಹೋಗುವವರ ಬಲಬದಿಯ ಸಾಲು ಬಿಟ್ಟು ಕದಲಲಿಲ್ಲ. ದೊಡ್ಡ ದೊಡ್ಡ ಗಾಡಿಗಳು ನಮ್ಮನ್ನು ಹಿಂದೆ ಹಾಕಿ ಧೂಳೆಬ್ಬಿಸಿ ಹೋದವು. ಅಮ್ಮನ ಮಡಿಲಲ್ಲಿ ಬಿಗ್‌ಶಾಪರ್ ಚೀಲವೊಂದಿತ್ತು. ಹಿಂದೆ ಇಡು ಎಂದರೂ ಇಡಲಿಲ್ಲ. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಎಂದಳು. ಅತಿಥಿಯಾಗಿ ಹೋಗುವವರು ಅಕ್ಕಿ ಒಯ್ಯುವುದುಂಟೇ ಎಂದು ನಾನು ಸಿಡುಕಿದೆ.

ಬಾಡಿಗೆ ಮನೆ ತಲುಪಿದಾಗ ಜಪಾನಕ್ಕ ನಮ್ಮನ್ನು ಹೊರಗೆ ನಿಲ್ಲಿಸಿ ಒಳಗೆ ಹೋದರು. ಒಳಗಿನಿಂದ ಸೋಫಾ ಎಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು. ನೋಡಿದರೆ ಬೂದು ಪ್ಯಾಂಟಿಲ್ಲ. ಕಡುನೀಲಿ ಕಿಮೊನೊ ಉಟ್ಟು, ಹೊಸ್ತಿಲ ಒಳಗೆ ಮಂಡಿಯೂರಿ ಕೂತು, ಎರಡೂ ಅಂಗೈ ನೆಲಕ್ಕೂರಿ, ಹಣೆ ನೆಲ ಮುಟ್ಟುವಂತೆ ಬಾಗಿ ಜಪಾನಿಯಲ್ಲಿ ಏನೋ ಹೇಳಿದರು.

ಅಮ್ಮನ ಮುಖ ಬಿಳುಚಿಕೊಂಡಿತು. ಹಿಂದಕ್ಕೆ ಸರಿದು ನನ್ನ ಕೈ ಹಿಡಿದುಕೊಂಡಳು.

“ಎಂತ ಇದು! ಇವರ ಪ್ರಾಯ ಎಷ್ಟು ಕೇಳು ಬೇಗ.”

“ಅಮ್ಮಾ, ಅದನ್ನೆಲ್ಲ ಈಗ ಕೇಳ್ಬಾರದು.”

“ನನಗಿಂತ ದೊಡ್ಡವರಾದ್ರೆ ನನ್ನ ಆಯುಸ್ಸು ಕಡಿಮೆ ಆಗ್ತದೆ ಮಾರಾಯ್ತಿ. ಕಾಲಿಗೆ ಬೀಳುದಾ ಹೀಗೆ?”

ಕೊನೆಗೆ ಅಮ್ಮ ತನ್ನದೇ ದಾರಿ ಕಂಡುಕೊಂಡಳು. ಹೊಸ್ತಿಲ ಈಚೆ, ಸಿಮೆಂಟಿನ ನೆಲದ ಮೇಲೆ ತಾನೂ ಮಂಡಿಯೂರಿ, ತಾನೂ ಅಷ್ಟೇ ಬಾಗಿದಳು. ಒಬ್ಬರು ಎದ್ದು ನೋಡುವುದು, ಇನ್ನೊಬ್ಬರು ಬಾಗಿಯೇ ಇರುವುದು, ಮತ್ತೆ ಬಾಗುವುದು. ನಾನು ಚೀಲ ಹಿಡಿದುಕೊಂಡು ನಗು ತಡೆಯಲಾರದೆ ನಿಂತಿದ್ದೆ. ಆಗಸ್ಟಿನ ಮೇಲೆ ಹೊಟ್ಟೆಯಿಂದ ನಗು ಬಂದದ್ದು ಅದೇ ಮೊದಲು.

ಒಳಗೆ ಸೋಫಾ ಗೋಡೆಗೆ ಒರಗಿತ್ತು, ನೆಲದ ತುಂಬ ಚಾಪೆ, ನಡುವೆ ಗಿಡ್ಡ ಮೇಜು. ಚಹಾ ಬಂತು, ಜೊತೆಗೆ ಸಿಹಿಗೆಂದು ಒಂದೊಂದೇ ಖರ್ಜೂರ, ಎಲೆಯ ಮೇಲೆ. ಆಮೇಲೆ ತೊಡಲು ಹತ್ತಿಯ ನಿಲುವಂಗಿ ಕೊಟ್ಟರು. ನಾನು ನನಗೆ ತೋಚಿದ ಹಾಗೆ ಸುತ್ತಿಕೊಂಡೆ. ಜಪಾನಕ್ಕ ನೋಡಿದವರೇ ಎದ್ದು ಬಂದು, ಮಾತಿಲ್ಲದೆ ಅದನ್ನು ಬಿಚ್ಚಿ, ಎಡಗಡೆಯದು ಮೇಲೆ ಬರುವಂತೆ ಸುತ್ತಿ ಕಟ್ಟಿದರು. ಬಲಗಡೆಯದು ಮೇಲೆ ಬರುವಂತೆ ಸುತ್ತುವುದು ಸತ್ತವರಿಗೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅವರ ಬೆರಳು ಅವತ್ತು ಅಷ್ಟು ಅವಸರಪಟ್ಟದ್ದು ಏಕೆಂದು ಆಗ ತಿಳಿಯಿತು.

ಅಮ್ಮ ಒಳ್ಳೆಯ ಅತಿಥಿಯಾಗಲಿಲ್ಲ. ಚಹಾ ಕುಡಿದ ಕಪ್ಪು ತೊಳೆಯಲು ಹೋದಳು, ಜಪಾನಕ್ಕ ತೋಳು ಹಿಡಿದು ಕರೆತಂದು ಕೂರಿಸಿದರು. ನೆಲ ಒರೆಸಲು ಬಟ್ಟೆ ಹುಡುಕಿದಳು, ಮತ್ತೆ ಕರೆತಂದರು. “ಕೈ ಕಟ್ಟಿ ಕೂತ್ರೆ ನನಗೆ ಜ್ವರ ಬರ್ತದೆ ಅಂತ ಹೇಳು ಅವರಿಗೆ,” ಎಂದಳು. ಹೇಳಿದೆ. ಜಪಾನಕ್ಕ ಯೋಚಿಸಿ, ಆ ಚೀಲದಲ್ಲಿ ಏನಿದೆ ಎಂದು ಕೇಳಿದರು. ಅಕ್ಕಿ ಎಂದಾಗ ಅವರ ಮುಖ ಅರಳಿತು. ಅಕ್ಕಿ ಹೊತ್ತು ತಂದ ಅತಿಥಿಗೆ ಅಡುಗೆಮನೆ ಬಿಟ್ಟುಕೊಡುವುದು ತಾಯಿಯ ಕಾಲದ ಕ್ರಮವಂತೆ. ಅಮ್ಮ ನನ್ನ ಕಡೆ ತಿರುಗಿ, ಕಾರಿನಲ್ಲಿ ಸಿಡುಕಿದ್ದೆಯಲ್ಲ ಎಂಬಂತೆ ನೋಡಿದಳು. ಹಾಗೆ ಆ ಸಂಜೆ ನಾವು ಉಂಡದ್ದು ಅಮ್ಮನ ಕುಚ್ಚಲಕ್ಕಿ ಗಂಜಿ, ಜಪಾನಕ್ಕ ಉಪ್ಪು ಹಚ್ಚಿ ಸುಟ್ಟ ಮೀನು. ಅವರು ಮಿಡಿ ಉಪ್ಪಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡು, ಎರಡನೆಯದಕ್ಕೆ ತಟ್ಟೆ ಒಡ್ಡಿದರು. ನಾವು ಕೈತೊಳೆದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನೆಲದ ಮೇಲೆ ಹಾಸಿಗೆ ಸಿದ್ಧವಾಗಿತ್ತು. “ನಮ್ಮ ಹಾಗೇ,” ಎಂದು ಅಮ್ಮ ಸಮಾಧಾನಪಟ್ಟಳು.

ಬೆಳಿಗ್ಗೆ ಗುಂಪು ಬರುವ ಮೊದಲೇ ಹೆಂಗಸರ ಸ್ನಾನದ ಕಟ್ಟಡಕ್ಕೆ ಹೋದೆವು. ಚಳಿಯಿತ್ತು. ಬಾಗಿಲ ಬಳಿ ಕಾವಲಿಗೆ ಕೂತಿದ್ದ ಹೆಂಗಸು ನಮ್ಮ ಚೀಲ ನೋಡಿ, “ಮಾಫಿ ಸಾಬೂನ್, ಮಾಫಿ ಶಾಂಪೂ,” ಎಂದು, ಎರಡೂ ಕೂಡದೆಂಬಂತೆ ಬೆರಳಾಡಿಸಿದಳು. ಸೋಪು ಇಲ್ಲ ಎಂದು ಅಮ್ಮ ಕೈ ತಿರುಗಿಸಿ ತೋರಿಸಿದಳು. ನಮಗೆ ಸಿಕ್ಕಿದ್ದು ಒಂದು ಸಣ್ಣ ಕೋಣೆ. ಅರ್ಧ ಭಾಗ ಹೆಂಚು ಹಾಸಿದ ಕೊಳ, ಗೋಡೆಯ ಕೊಳವೆಯಿಂದ ಅದಕ್ಕೆ ಬಿಸಿನೀರು ಸುರಿಯುತ್ತಿತ್ತು. ಇನ್ನರ್ಧ ತೊಳೆದುಕೊಳ್ಳುವ ಜಾಗ. ಅಲ್ಲೊಂದು ಅದೇ ಬಿಸಿನೀರಿನ ನಲ್ಲಿ, ಕೆಳಗೆ ನೀರು ಹೋಗುವ ಕಂಡಿ.

ಜಪಾನಕ್ಕ ಪ್ಲಾಸ್ಟಿಕ್ಕಿನ ಗಿಡ್ಡ ಮಣೆಗಳನ್ನು, ಬಕೆಟ್ಟು ಚೊಂಬುಗಳನ್ನು ಸಾಲಾಗಿಟ್ಟು ನಿಯಮ ಹೇಳಿದರು. ಮೊದಲು ಕೂತು ಮೈ ತೊಳೆಯಬೇಕು, ಚೆನ್ನಾಗಿ. ಆಮೇಲೆ ಕೊಳ. ಕೊಳದ ನೀರಿಗೆ ಮೈಯ ಕೊಳೆ, ಬಟ್ಟೆ, ಮಾತು ಯಾವುದೂ ಸೇರಬಾರದು. ಹೇಳಿ ಮುಗಿಸಿ, ಪೇಪರು ಮಡಿಸಿಟ್ಟಷ್ಟು ಸಲೀಸಾಗಿ ಬಟ್ಟೆ ಕಳಚಿಟ್ಟರು. ನಾನು ಗೋಡೆ ನೋಡಿದೆ. ಅಮ್ಮ ಲಂಗವನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು, ಚೀಲದ ತಳಕ್ಕೆ ಕೈ ಹಾಕಿ, ಬಾಯಿಗೆ ಟೇಪು ಸುತ್ತಿದ ಒಂದು ಬಾಟಲಿ ಹೊರತೆಗೆದಳು.

“ಎಣ್ಣೆಯೇ?” ಎಂದರು ಜಪಾನಕ್ಕ. “ಬೇಡ. ನೀರಿಗೆ ಎಣ್ಣೆ ಹೋಗಬಾರದು. ಸಾಧ್ಯವೇ ಇಲ್ಲ.” ಆಫೀಸಿನಲ್ಲಿ ತಪ್ಪು ಕಾಗದ ಹಿಂದಿರುಗಿಸುವಾಗಿನ ದನಿ. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

“ಒಳಗೆ ಇಡಮ್ಮ ಅದನ್ನು. ಎಲ್ಲಿ ಹೋದ್ರೂ ನಿನ್ನದೊಂದು ಎಣ್ಣೆ!”

ಅಮ್ಮ ಬಾಟಲಿ ಒಳಗಿಡಲಿಲ್ಲ. ಟೇಪು ಬಿಚ್ಚುತ್ತಲೇ ಇದ್ದಳು.

“ಇದು ಸುಮ್ಮನೆ ಎಣ್ಣೆ ಅಲ್ಲ ಅಂತ ಹೇಳು ಅವರಿಗೆ.”

“ಮತ್ತೆ?”

“ಬಾಣಂತಿಗೆ ಕಾಯಿಸಿದ್ದು.” ಅಮ್ಮ ನನ್ನ ಮುಖ ನೋಡಲಿಲ್ಲ. “ನಿನಗೆ ಅಂತ. ಆಗಲೇ ಕಾಯಿಸಿಟ್ಟದ್ದು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಜಪಾನಕ್ಕ ಕಾಯುತ್ತಿದ್ದರು. ಅವರಿಗೆ ಹೇಳಬೇಕಾದವಳು ನಾನೇ, ಬೇರೆ ಯಾರಿದ್ದರು? ಅಮ್ಮನ ಬಾಯಿಂದ ಕೇಳಬೇಕೆಂದು ನಾಲ್ಕು ತಿಂಗಳು ಕಾದಿದ್ದ ಮಾತನ್ನು ನಾನೇ, ಇಂಗ್ಲಿಷಿನಲ್ಲಿ, ಚಳಿಗೆ ಹಲ್ಲು ಕಟಕಟಿಸುತ್ತಾ ಹೇಳಿದೆ. ಇದು ಹೆತ್ತವಳ ಮೈಗೆ ಹಚ್ಚುವ ಎಣ್ಣೆ. ನಮ್ಮಲ್ಲಿ ಹೆತ್ತ ಮೇಲೆ ತಾಯಿ ಹಚ್ಚಿ ನೀರು ಹೊಯ್ಯುತ್ತಾಳೆ. ನನಗೆ ಯಾರೂ ಹೊಯ್ದಿರಲಿಲ್ಲ.

ಜಪಾನಕ್ಕ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ಒಂದು ಮಣೆಯನ್ನೆತ್ತಿ, ಕೊಳದಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ನೀರು ಹೋಗುವ ಕಂಡಿಯ ಪಕ್ಕದಲ್ಲಿ ಇಟ್ಟರು. “ಇಲ್ಲಿ,” ಎಂದರು. ತಾವು ಬೇಗ ಬೇಗ ಮೈ ತೊಳೆದುಕೊಂಡು ಕೊಳಕ್ಕಿಳಿದು, ನಮಗೆ ಬೆನ್ನು ಮಾಡಿ ಕೂತರು.

ನಾನು ಮಣೆಯ ಮೇಲೆ ಕೂತೆ. ಅಮ್ಮ ನೆತ್ತಿಗೆ ಎಣ್ಣೆ ಸುರಿದು ತಟ್ಟಿದಳು. ಕುತ್ತಿಗೆ, ಬೆನ್ನು, ತೋಳು. ಅಮ್ಮನ ಕೈ ಒರಟು. ಹೊಟ್ಟೆಗೆ ಬಂದಾಗ ಮಾತ್ರ ಒಂದು ಗಳಿಗೆ ನಿಂತಿತು, ಆಮೇಲೆ ಅಲ್ಲಿ ಬಹಳ ಹೊತ್ತು ಉಜ್ಜಿತು.

“ನಾನು ಬರ್ಬೇಕಿತ್ತು,” ಎಂದಳು, ನನ್ನ ಬೆನ್ನ ಹಿಂದಿನಿಂದ. “ಯಾರೋ ಬೇಡ ಅಂದ್ರು ಅಂತ ಕೂತೆ. ನೀನು ಹೆತ್ತದ್ದು ಅಲ್ವಾ? ಹೆತ್ತದ್ದೇ ಅಲ್ವಾ?”

ಹೌದೆಂದು ತಲೆ ಆಡಿಸಿದೆ. ಎದೆಯೊಳಗೆ ತಿಂಗಳುಗಟ್ಟಲೆ ಹೆಪ್ಪುಗಟ್ಟಿದ್ದ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅಮ್ಮ ಬಕೆಟ್ಟಿಗೆ ನೀರು ಬಿಟ್ಟು ಕೈಯಿಟ್ಟು ನೋಡಿ ಮೂಗು ಮುರಿದಳು. “ಇದೆಂತ ಬಿಸಿ? ಇವರ ಬೆಟ್ಟಕ್ಕೆ ಸರಿ ಒಲೆ ಹಾಕ್ಲಿಕ್ಕೆ ಗೊತ್ತಿಲ್ಲ,” ಎಂದವಳೇ ಚೊಂಬು ತುಂಬಿ ಸೊಂಟಕ್ಕೆ ಬೀಸಿ ಹೊಡೆದಳು. ನಾನು ಕಿರುಚಿದೆ. ಸುಟ್ಟದ್ದಕ್ಕಲ್ಲ. ಇನ್ನೊಂದು ಚೊಂಬು, ಇನ್ನೊಂದು. ಬೆನ್ನಿಗೆ, ಹೊಟ್ಟೆಗೆ, ಮತ್ತೆ ಸೊಂಟಕ್ಕೆ. ಹೊರಗಿನಿಂದ ಕಾವಲಿನ ಹೆಂಗಸು ಬಾಗಿಲು ತಟ್ಟಿದಳು. ಕೊಳದೊಳಗಿನಿಂದ ಜಪಾನಕ್ಕ ತಿರುಗದೆಯೇ, “ಆಲ್ ಓಕೆ!” ಎಂದು ಕೂಗಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ನಾನು ದನಿ ತೆಗೆದು ಅಳುತ್ತಿದ್ದೆ. ಆಸ್ಪತ್ರೆಯಲ್ಲಿ ಹೀಗೆ ಅತ್ತಿರಲಿಲ್ಲ.

“ಕೂಗು, ಕೂಗು,” ಎಂದಳು ಅಮ್ಮ, ಹೊಯ್ಯುವುದನ್ನು ನಿಲ್ಲಿಸದೆ. “ಬಾಣಂತಿ ಕೂಗಿದ್ರೆ ಯಾರೂ ಎಂತ ಹೇಳುದಿಲ್ಲ.”

ಆಮೇಲೆ ಚೀಲದಲ್ಲಿ ತಂದಿದ್ದ ಕಡಲೆಹಿಟ್ಟು ಹಚ್ಚಿ ಎಣ್ಣೆಯ ಪಸೆ ಪೂರ್ತಿ ಹೋಗುವಂತೆ ತಿಕ್ಕಿ ತೊಳೆದಳು, ಅಂಗೈಯಿಂದ ಬೆನ್ನು ಸವರಿ ನೋಡಿದಳು. ಕೊಳದ ನಿಯಮ ಅವಳು ಮರೆತಿರಲಿಲ್ಲ. “ಇನ್ನು ಹೋಗು, ಮುಳುಗು,” ಎಂದಳು. ನಾನು ಎದ್ದು, ಕೊಳದ ಅಂಚಿಗೆ ಬಂದು ಕೂತು, ಕಾಲು ನೀರಿಗೆ ಬಿಟ್ಟು ತಿರುಗಿ ನೋಡಿದೆ.

ಅಮ್ಮ ಇನ್ನೊಂದು ಬಕೆಟ್ಟು ನೀರು ಹಿಡಿದಿದ್ದಳು. ಕುಡಿಯಲು ತಂದಿದ್ದ ಬಾಟಲಿಯ ತಣ್ಣೀರನ್ನು ಅದಕ್ಕೆ ಬೆರೆಸಿ, ಮೊಣಕೈ ಅದ್ದಿ ಹದ ನೋಡುತ್ತಿದ್ದಳು. ಊರಿನಲ್ಲಿ ಬಾಣಂತಿಯ ಮೀಯುವಿಕೆ ಮುಗಿದ ಮೇಲೆ ಮಗುವಿನ ಸರದಿ. ನೀರು ಹೊಯ್ಯುವವಳು ನೆಲದ ಮೇಲೆ ಕೂತು ಎರಡೂ ಕಾಲು ಜೋಡಿಸಿ ಚಾಚುತ್ತಾಳೆ, ಮಗುವನ್ನು ಆ ಕಾಲುಗಳ ಮೇಲೆ ಮಲಗಿಸಿ ಮೀಯಿಸುತ್ತಾಳೆ. ಅದಕ್ಕೆ ಬೇಕಾದ ಉಗುರುಬೆಚ್ಚನೆಯ ನೀರು ಅದು. ಎಷ್ಟೋ ಮಕ್ಕಳನ್ನು ಮೀಯಿಸಿದ ಕೈ, ತನ್ನ ಪಾಡಿಗೆ ತಾನು ಹದ ಮಾಡಿತ್ತು.

ಮೊಣಕೈ ನೀರಿನಲ್ಲಿರುವಾಗಲೇ ಅಮ್ಮನಿಗೆ ಅದು ಹೊಳೆಯಿತು. ಹಾಗೇ ನಿಂತಳು. ಚೆಲ್ಲಿಬಿಡುತ್ತಾಳೆ ಎಂದುಕೊಂಡೆ. ಚೆಲ್ಲಲಿಲ್ಲ. ಮಣೆಯನ್ನು ಪಕ್ಕಕ್ಕೆ ಸರಿಸಿ, ಒದ್ದೆ ನೆಲದ ಮೇಲೆ ಕೂತು, ಲಂಗ ಮೊಣಕಾಲವರೆಗೆ ಎತ್ತಿ, ಎರಡೂ ಕಾಲು ಜೋಡಿಸಿ ಚಾಚಿದಳು. ಚೊಂಬಿನಲ್ಲಿ ನೀರು ತೆಗೆದುಕೊಂಡಳು. ಎಡಗೈಯನ್ನು ಅಡ್ಡ ಹಿಡಿದಳು, ಕಣ್ಣಿಗೆ ನೀರು ಹೋಗದ ಹಾಗೆ.

“ಕೂದಲಿತ್ತಾ ಮಗಾ?” ಎಂದಳು, ತಲೆಯೆತ್ತದೆ.

“ಇತ್ತಮ್ಮ,” ಎಂದೆ. “ತುಂಬ ಇತ್ತು. ಕಪ್ಪು. ಕಿವಿಯ ಮೇಲೆಲ್ಲ ಬಂದಿತ್ತು.”

ಅಮ್ಮ ಚೊಂಬು ಕೆಳಗಿಟ್ಟಳು.

“ಹಾಗಾದ್ರೆ ಮೊದಲು ನೆತ್ತಿಗೆ ಎಣ್ಣೆ ಹಾಕ್ಬೇಕು,” ಎಂದು ನನ್ನ ಕಡೆ ಕೈ ಚಾಚಿದಳು.

ಎಣ್ಣೆಯ ಬಾಟಲಿ ನನ್ನ ಪಕ್ಕದಲ್ಲಿದ್ದ ಚೀಲದಲ್ಲಿತ್ತು. ಕೊಟ್ಟೆ.